ಮೋಟಾರು ಸೈಕಲ್ಲಿನ ಜಗ್ಗಾಟ: ಕಾರಣವೂ ಪರಿಹಾರವೂ

ತಾಳವಾಡಿ ಸೀಮೆಯವರಾದ ನಮಗೆ ದಿಂಬಂ ಘಟ್ಟವನ್ನು ಹತ್ತಿ ಇಳಿಯದೆ ಗತ್ಯಂತರವಿಲ್ಲ. ಸತ್ಯಮಂಗಲದ ಪೇಟೆಗೆ ಹೋಗಬೇಕಾದರೂ, ಅರ್ಜಿ ಹಿಡಿದು ಜಿಲ್ಲಾ ಕೇಂದ್ರವಾದ ಈರೋಡಿಗೆ ಹೋಗಬೇಕಾದರೂ, ಮಕ್ಕಳನ್ನು ಕೊಯಮತ್ತೂರಿನ ಕಾಲೇಜಿಗೆ ಸೇರಿಸಬೇಕಾದರೂ ಆ ೨೭ ಹೇರ್‌ಪಿನ್ ತಿರುವುಗಳನ್ನು ದಾಟಲೇಬೇಕು. ನಮ್ಮ ಶಾಲೆಯಲ್ಲಿ ಓದಿ ಈಗ ಹೊರ ಊರುಗಳಲ್ಲಿ ಉದ್ಯೋಗದಲ್ಲಿರುವ ತರುಣರು ಹಬ್ಬ ಹರಿದಿನಗಳಿಗೆ ಮೋಟಾರು ಸೈಕಲ್ಲುಗಳನ್ನೇರಿ ಇದೇ ದಾರಿಯಲ್ಲಿ ಬರುತ್ತಾರೆ. ಅವರು ಮನೆ ಮುಟ್ಟುವವರೆಗೆ ಹೆತ್ತವರಿಗೆ ನೆಮ್ಮದಿಯಿಲ್ಲ. ಇಂಥ ವಾಹನಗಳಲ್ಲಿ ಕಾಣುವ ಒಂದು ತೊಂದರೆಯನ್ನೂ ಅದರ ಪರಿಹಾರವನ್ನೂ ಕುರಿತು ನಾಲ್ಕು ಮಾತು ಬರೆಯುವುದು ಉಪಯುಕ್ತವೆಂದು ನಾವು ಭಾವಿಸಿದ್ದೇವೆ.

ಕಳೆದ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಒಬ್ಬ ಹಳೆಯ ವಿದ್ಯಾರ್ಥಿ ಕಾಲೇಜಿನಲ್ಲಿ ಓದುತ್ತಿರುವ ತನ್ನ ತಂಗಿಯನ್ನು ಹಿಂದೆ ಕೂರಿಸಿಕೊಂಡು ಬಂದನು. ಅವನದು ಪೇಟೆಯಲ್ಲಿ ಅಡ್ವೆಂಚರ್ ಬೈಕೆಂದು ಹೆಸರಾದ, ಕಲ್ಲುಮಣ್ಣಿನ ದಾರಿಗೂ ದೂರದ ಪ್ರಯಾಣಕ್ಕೂ ಒಗ್ಗುವ ಎತ್ತರದ ವಾಹನ. ಅಣ್ಣ ತಂಗಿಯರಿಬ್ಬರ ಮುಖವೂ ಬಿಳುಪೇರಿತ್ತು. ವಿಚಾರಿಸಲಾಗಿ, "ಸಾ, ತಿರುವಿನಲ್ಲಿ ಎಕ್ಸಲರೇಟರ್ ಚೂರು ತಿರುವಿದೆ ಅಷ್ಟೆ, ಗಾಡಿ ಜರ್ಕ್ ಹೊಡೆದು ಎದುರು ಲಾರಿ ಕಡೆಗೇ ನುಗ್ಗಿಬಿಡ್ತು. ಇವಳ ಕಾಲು ಜಾರಿಹೋಯ್ತು," ಎಂದನು. ದೈವಕೃಪೆಯಿಂದ ಯಾರೂ ಬೀಳಲಿಲ್ಲ. ವಾಹನವು ಕೆಲವು ತಿಂಗಳುಗಳಿಂದಲೂ ಹೀಗೆ ಜಗ್ಗುತ್ತಿತ್ತಂತೆ. ಪೆಟ್ರೋಲಿನ ಪ್ರಮಾಣವನ್ನು ಬದಲಿಸುವ ಒಂದು ವಿದ್ಯುತ್ ಪೆಟ್ಟಿಗೆಯನ್ನು ಕೊಂಡು ಜೋಡಿಸಿದರೆ ಎಲ್ಲವೂ ಸರಿಹೋಗುವುದೆಂದು ಯಾರೋ ಹೇಳಿದ್ದರು. ಅದರ ಬೆಲೆ ಅವನ ಒಂದು ತಿಂಗಳ ಸಂಬಳಕ್ಕೆ ಸಮನಾಗಿತ್ತು.

ನಾವು ಇತಿಹಾಸವನ್ನು ಓದಿದವರು. ಆದರೂ ಮುಖ್ಯೋಪಾಧ್ಯಾಯರ ಕುರ್ಚಿಯ ಗುಣವೋ ಏನೋ, ಕೇಳಿದೊಡನೆ, "ಪೆಟ್ರೋಲು ಕಲಬೆರಕೆಯಿರಬೇಕಪ್ಪ," ಎಂದುಬಿಟ್ಟೆವು. ಪಕ್ಕದಲ್ಲಿದ್ದ ನಮ್ಮ ವಿಜ್ಞಾನದ ಅಧ್ಯಾಪಕರು ಏನನ್ನೂ ಹೇಳದೆ ವಾಹನದ ಬಳಿ ಕುಳಿತು ಚೈನನ್ನು ಬೆರಳಿನಿಂದ ಮೇಲೆತ್ತಿ ನೋಡಿದರು. ಅದು ತೊಟ್ಟಿಲಿನ ಹಗ್ಗದಂತೆ ಜೋಲಾಡುತ್ತಿತ್ತು. ನಮ್ಮ ಊಹೆ ತಪ್ಪೆಂದು ಅಲ್ಲಿಯೇ ಸ್ಪಷ್ಟವಾಯಿತು. ಮುಂದೆ ಬರೆಯುವುದರಲ್ಲಿ ಬಹುಭಾಗವು ಆ ಅಧ್ಯಾಪಕರಿಂದಲೂ, ನುರಿತ ಮೆಕ್ಯಾನಿಕ್ಕರಿಂದಲೂ ನಾವು ಕೇಳಿ ತಿಳಿದುದು.

ಮೊದಲು ಯಂತ್ರದ ಒಳಗೆ ನಡೆಯುವುದೇನೆಂಬುದನ್ನು ನೋಡೋಣ. ಸವಾರನು ಬಲಗೈಯ ಹಿಡಿಯನ್ನು ತಿರುವಿದಾಗ ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯಲ್ಲಿರುವ ಒಂದು ಬಿಲ್ಲೆ ಓರೆಯಾಗಿ ತೆರೆಯುತ್ತದೆ. ಇದಕ್ಕೆ ಥ್ರಾಟಲ್ ಎಂದು ಹೆಸರು. ಕೆಲವು ವಾಹನಗಳಲ್ಲಿ ಹಿಡಿಗೂ ಬಿಲ್ಲೆಗೂ ನಡುವೆ ಕೇಬಲ್ಲಿರುತ್ತದೆ. ಇನ್ನು ಕೆಲವು ಹೊಸ ವಾಹನಗಳಲ್ಲಿ ಹಿಡಿ ಎಷ್ಟು ತಿರುಗಿತೆಂಬ ಸುದ್ದಿ ವಿದ್ಯುತ್ತಿನ ಮೂಲಕ ಒಂದು ಪುಟ್ಟ ಕಂಪ್ಯೂಟರಿಗೆ ಹೋಗಿ, ಅದರ ಅಪ್ಪಣೆಯಂತೆ ಮೋಟಾರೊಂದು ಬಿಲ್ಲೆಯನ್ನು ತಿರುಗಿಸುತ್ತದೆ. ಒಳಬರುವ ಗಾಳಿಗೆ ತಕ್ಕಷ್ಟು ಪೆಟ್ರೋಲನ್ನು ಇಂಜೆಕ್ಟರು ಸಿಂಪಡಿಸುತ್ತದೆ. ಪೆಟ್ರೋಲು ಪೂರ್ತಿಯಾಗಿ ಉರಿಯಲು ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ೧೪.೭ ಪಾಲು ಗಾಳಿ ಬೇಕು.

ಸವಾರನು ಹಿಡಿಯನ್ನು ಪೂರ್ತಿ ಬಿಟ್ಟಾಗ ಎಂಜಿನ್ನು ಚಕ್ರವನ್ನು ಓಡಿಸುವುದು ನಿಲ್ಲುತ್ತದೆ. ಆಗ ಓಡುತ್ತಿರುವ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ಇಂಥ ಹೊತ್ತಿನಲ್ಲಿ ಪೆಟ್ರೋಲು ವ್ಯರ್ಥವೆಂದು ಕಂಪ್ಯೂಟರು ಸಾಮಾನ್ಯವಾಗಿ ಅದನ್ನು ನಿಲ್ಲಿಸಿಬಿಡುತ್ತದೆ. ಸವಾರನು ಮರಳಿ ಹಿಡಿಯನ್ನು ತಿರುವಿದೊಡನೆ ಪೆಟ್ರೋಲು ಬಂದು ಉರಿ ಹತ್ತಿ ಎಂಜಿನ್ನು ಚಕ್ರವನ್ನು ಎಳೆಯತೊಡಗುತ್ತದೆ. ಎಳೆಸಿಕೊಳ್ಳುತ್ತಿದ್ದುದು ಎಳೆಯತೊಡಗುವ ಈ ಒಂದು ಗಳಿಗೆಯಲ್ಲಿಯೇ ಜಗ್ಗಾಟದ ಬೀಜವಿದೆ.

ಬಾವಿಯಿಂದ ನೀರು ಸೇದುವ ತಾಯಂದಿರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಗ್ಗ ಬಿಗಿಯಾಗಿರುವಾಗ ಸೇದಿದರೆ ಕೊಡವು ಮೆಲ್ಲನೆ ಏಳುತ್ತದೆ. ಹಗ್ಗವನ್ನು ಸಡಿಲ ಬಿಟ್ಟು ಥಟ್ಟನೆ ಸೇದಿದರೆ ಮೊದಲು ಕೈಗೆ ಭಾರವೇ ತಿಳಿಯದು. ಸಡಿಲು ಮುಗಿದ ಕ್ಷಣದಲ್ಲಿ ಕೊಡದ ಭಾರವೆಲ್ಲ ಒಂದೇ ಪೆಟ್ಟಿಗೆ ಕೈಮೇಲೆ ಬೀಳುತ್ತದೆ. ಮೋಟಾರು ಸೈಕಲ್ಲಿನಲ್ಲಿಯೂ ಹಾಗೆಯೇ. ಗೇರುಗಳ ಹಲ್ಲುಗಳ ನಡುವೆ, ಚೈನಿನಲ್ಲಿ, ಹಿಂದಿನ ಚಕ್ರದೊಳಗಿನ ರಬ್ಬರುಗಳಲ್ಲಿ ಸ್ವಲ್ಪ ಸ್ವಲ್ಪ ಸಡಿಲಿರುತ್ತದೆ. ಎಳೆತದ ದಿಕ್ಕು ಬದಲಾದಾಗ ಇವೆಲ್ಲವೂ ಒಮ್ಮೆಲೇ ಬಿಗಿಯಾಗಿ ವಾಹನಕ್ಕೆ ಒದೆತ ಬೀಳುತ್ತದೆ.

ನಿಧಾನದ ತಿರುವಿನಲ್ಲಿಯೇ ಇದು ಹೆಚ್ಚೇಕೆ? ಕೆಳಗಿನ ಗೇರಿನಲ್ಲಿ ಎಂಜಿನ್ನಿನ ಬಲವು ಹಲವು ಪಟ್ಟಾಗಿ ಚಕ್ರವನ್ನು ಮುಟ್ಟುತ್ತದೆ. ಎಂಜಿನ್ನು ನಿಧಾನವಾಗಿ ತಿರುಗುತ್ತಿರುವಾಗ ಬಿಲ್ಲೆ ಚೂರು ತೆರೆದರೂ ಬೇಕಾದ ಗಾಳಿಯ ಬಹುಪಾಲು ಒಳಗೆ ನುಗ್ಗುತ್ತದೆ. ಆದುದರಿಂದ ಹಿಡಿಯ ಮೊದಲ ಎಳ್ಳಷ್ಟು ತಿರುವೇ ಅತ್ಯಂತ ಪ್ರಬಲವಾದುದು. ಅಲ್ಲದೆ ಒಂದೇ ಸಿಲಿಂಡರಿನ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ಒಂದು ಸಲ ಮಾತ್ರ ಉರಿ ಹತ್ತುತ್ತದೆ. ನಿಮಿಷಕ್ಕೆ ೨,೦೦೦ ಸುತ್ತು ತಿರುಗಿದರೆ ಸೆಕೆಂಡಿಗೆ ಸುಮಾರು ೧೭ ಹೊಡೆತ. ೪,೦೦೦ ಸುತ್ತಿಗೆ ಸುಮಾರು ೩೩. ಹೊಡೆತಗಳು ಒತ್ತೊತ್ತಾಗಿ ಬಿದ್ದಷ್ಟೂ ಎಳೆತ ನಯವಾಗುತ್ತದೆ. ಮಕ್ಕಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಈ ಜಾತಿಯ ವಾಹನದ ರಚನೆಯೂ ಜಗ್ಗಾಟಕ್ಕೆ ಇಂಬು ಕೊಡುತ್ತದೆ. ೧೯೮೦ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿಯು ಆರ್ ೮೦ ಜಿ/ಎಸ್ ಎಂಬ ವಾಹನವನ್ನು ಹೊರತಂದ ಮೇಲೆ ಇವು ಲೋಕಪ್ರಸಿದ್ಧವಾದವು. ನಮ್ಮ ದೇಶದಲ್ಲಿ ೨೦೧೬ರಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿಯ ಹಿಮಾಲಯನ್ ಬಂದಿತು. ಹಳ್ಳದಿಣ್ಣೆಗಳನ್ನು ತಾಳಲೆಂದು ಇವುಗಳ ಸಸ್ಪೆನ್ಷನ್ ಬಹಳ ದೂರ ಕುಗ್ಗಿ ಹಿಗ್ಗುತ್ತದೆ. ಹಿಡಿ ಬಿಟ್ಟಾಗ ಮುಂಭಾಗ ತಗ್ಗಿ, ಹಿಡಿ ತಿರುವಿದಾಗ ಎದ್ದು, ಜಗ್ಗಾಟವು ಎರಡರಷ್ಟಾಗಿ ತೋರುತ್ತದೆ. ಗುಂಡಿಗೆ ಬಿದ್ದಾಗ ಸವಾರನ ತೋಳು ಕುಲುಕಿ ಹಿಡಿಯನ್ನು ತಿಳಿಯದೆಯೇ ತಿರುವುತ್ತದೆ. ವಾಹನ ಜಗ್ಗುತ್ತದೆ. ಆ ಜಗ್ಗಿಗೆ ತೋಳು ಮತ್ತೆ ಕುಲುಕುತ್ತದೆ. ಇದು ಒಂದನ್ನೊಂದು ಬೆಳೆಸುವ ಸರಪಳಿ. ಇದರ ಜೊತೆಗೆ ೨೦೨೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಬಿ.ಎಸ್. ೬ ನಿಯಮದಂತೆ ಹೊಗೆಯ ವಿಷವನ್ನು ತಗ್ಗಿಸಲು ಪೆಟ್ರೋಲನ್ನು ಬಿಗಿಹಿಡಿದು ಅಳೆದು ಕೊಡಬೇಕಾಗಿದೆ. ನಾವು ಉಸಿರಾಡುವ ಗಾಳಿಯ ಹಿತಕ್ಕಾಗಿ ಬಂದ ಈ ಕಟ್ಟಳೆಯನ್ನು ಹಳಿಯುವುದು ಸಲ್ಲದು.

ಇನ್ನು ಪರಿಹಾರ. ಖರ್ಚಿಲ್ಲದುದನ್ನು ಮೊದಲು ಮಾಡಬೇಕು. ಎಂಜಿನ್ನನ್ನು ನಿಲ್ಲಿಸಿ, ವಾಹನದ ಕೈಪಿಡಿಯನ್ನು ಎದುರಿಗಿಟ್ಟುಕೊಂಡು ಚೈನಿನ ಸಡಿಲನ್ನು ಅಳೆಯಬೇಕು. ಚಕ್ರವನ್ನು ಕೈಯಿಂದ ಮೆಲ್ಲನೆ ತಿರುಗಿಸುತ್ತ ಚೈನು ಅತ್ಯಂತ ಬಿಗಿಯಾಗಿರುವ ಜಾಗವನ್ನು ಕಂಡುಕೊಂಡು ಅಲ್ಲಿ ಅಳೆಯುವುದು ಸರಿ. ನಮ್ಮ ವಿದ್ಯಾರ್ಥಿಯ ವಾಹನಕ್ಕೆ ೩೦ರಿಂದ ೪೦ ಮಿಲಿಮೀಟರು ಇರಬೇಕೆಂದು ಕೈಪಿಡಿ ಹೇಳುತ್ತಿತ್ತು. ಇದ್ದುದು ೬೦. ಹಾಗೆಂದು ಚೈನನ್ನು ವೀಣೆಯ ತಂತಿಯಂತೆ ಬಿಗಿಯಲೂ ಬಾರದು. ಹಿಂದಿನ ಸಸ್ಪೆನ್ಷನ್ ಕುಗ್ಗಿದಾಗ ಚೈನು ಇನ್ನಷ್ಟು ಬಿಗಿಯುವುದರಿಂದ ಅದು ತುಂಡಾಗಬಹುದು, ಬೇರಿಂಗುಗಳೂ ಕೆಡಬಹುದು. ಚಕ್ರದ ಎರಡು ಪಕ್ಕದ ಗುರುತುಗಳೂ ಸಮವಾಗಿರಬೇಕು. ಎಂಜಿನ್ನು ಓಡುತ್ತಿರುವಾಗ ಚೈನಿನ ಬಳಿಗೆ ಕೈ ಒಯ್ದು ಬೆರಳು ಕಳೆದುಕೊಂಡವರಿದ್ದಾರೆ. ಮಕ್ಕಳು ಇದನ್ನು ಮರೆಯಕೂಡದು.

ಎರಡನೆಯದು ಕೇಬಲ್ಲು. ಹಿಡಿಯನ್ನು ತಿರುವಿದಾಗ ಕೇಬಲ್ಲು ಎಳೆಯತೊಡಗುವ ಮುನ್ನ ಸ್ವಲ್ಪ ಆಟವಿರಬೇಕು. ಅನೇಕ ವಾಹನಗಳಲ್ಲಿ ಹಿಡಿಯ ಅಂಚಿನಲ್ಲಿ ಇದು ಎರಡು ಮೂರು ಮಿಲಿಮೀಟರು. ಆಟ ಹೆಚ್ಚಾದರೆ ಕೈ ಬರಿದೇ ತಿರುಗಿ ಆಮೇಲೆ ಥಟ್ಟನೆ ಹಿಡಿಯುತ್ತದೆ. ಸರಿಪಡಿಸಿದ ಬಳಿಕ ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಎಂಜಿನ್ನಿನ ವೇಗ ತಾನಾಗಿ ಏರುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಏರಿದರೆ ಕೇಬಲ್ಲು ಅತಿಯಾಗಿ ಬಿಗಿದಿದೆಯೆಂದು ಅರ್ಥ. ಅದು ತಿರುವಿನಲ್ಲಿ ಪ್ರಾಣಕ್ಕೆ ಎರವಾದೀತು.

ಮೂರನೆಯದಾಗಿ, ಹಿಂದಿನ ಚಕ್ರದೊಳಗೆ ಒದೆತವನ್ನು ತಾಳಲೆಂದು ರಬ್ಬರಿನ ತುಂಡುಗಳಿರುತ್ತವೆ. ಇವು ಸವೆದಿದ್ದರೆ ಬದಲಿಸಬೇಕು. ದೊಡ್ಡ ಖರ್ಚಿನದಲ್ಲ. ನಾಲ್ಕನೆಯದಾಗಿ, ಧೂಳು ಕಟ್ಟಿದ ಏರ್ ಫಿಲ್ಟರು, ಮಸಿ ಹಿಡಿದ ಥ್ರಾಟಲ್ ಬಿಲ್ಲೆ, ಸವೆದ ಪ್ಲಗ್ಗು, ಬಿರುಕುಬಿಟ್ಟ ಗಾಳಿಕೊಳವೆ ಇವುಗಳನ್ನು ಬಲ್ಲ ಮೆಕ್ಯಾನಿಕ್ಕನಿಂದ ನೋಡಿಸಬೇಕು. ಎರಡು ಸಿಲಿಂಡರಿನ ಎಂಜಿನ್ನಾದರೆ ಎರಡಕ್ಕೂ ಗಾಳಿ ಸಮನಾಗಿ ಹೋಗುತ್ತಿದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಕೇಬಲ್ಲಿಲ್ಲದ ಹೊಸ ವಾಹನಗಳಲ್ಲಿ ಮಳೆಗಾಲಕ್ಕೆಂದು ಒಂದು ಸೌಮ್ಯ ಕ್ರಮವಿದ್ದರೆ ಅದನ್ನು ಆರಿಸಿಕೊಂಡರೆ ಹಿಡಿಯ ಚುರುಕು ತಗ್ಗುತ್ತದೆ. ಹೊರಗಿನ ಪೆಟ್ಟಿಗೆಗಳ ಮಾತು ಕಟ್ಟಕಡೆಯದು. ಅವು ಹೊಗೆಯ ನಿಯಮಕ್ಕೆ ಧಕ್ಕೆ ತರಬಹುದು, ಕಂಪನಿಯ ವಾರಂಟಿಗೂ ಕುತ್ತು ತರಬಹುದು. ಜೋಲುವ ಚೈನನ್ನಂತೂ ಯಾವ ಪೆಟ್ಟಿಗೆಯೂ ಬಿಗಿಯಲಾರದು.

ಅಂದು ಚೈನನ್ನೂ ಕೇಬಲ್ಲನ್ನೂ ಸರಿಪಡಿಸಿದ ಮೇಲೆ ನಮ್ಮ ವಿದ್ಯಾರ್ಥಿಯ ವಾಹನದ ಜಗ್ಗಾಟ ಅರ್ಧಕ್ಕಿಳಿಯಿತು. ಪೂರ್ತಿ ಹೋಗಲಿಲ್ಲ. ಉಳಿದರ್ಧವು ಅವನ ಕೈಯಲ್ಲಿಯೇ ಇತ್ತು. ಮರುದಿನ ಭಾನುವಾರ ಶಾಲೆಯ ಬಯಲಿನಲ್ಲಿ ಎರಡು ಕಲ್ಲುಗಳನ್ನಿಟ್ಟು, ಅವುಗಳ ಸುತ್ತ ಅವನು ಒಂದು ಗಂಟೆ ಅಭ್ಯಾಸ ಮಾಡಿದನು. ವಿಜ್ಞಾನದ ಅಧ್ಯಾಪಕರು ಅವನಿಗೆ ಹೇಳಿಕೊಟ್ಟ ಸೂತ್ರಗಳು ಇವು.

ಹಿಡಿಯನ್ನು ಮುಷ್ಟಿ ಕಟ್ಟಿ ಅಮುಕದೆ ಸಡಿಲವಾಗಿ ಹಿಡಿಯಬೇಕು. ಹೆಬ್ಬೆರಳನ್ನೋ ತೋರುಬೆರಳನ್ನೋ ಪಕ್ಕದ ಸ್ವಿಚ್ಚಿನ ಪೆಟ್ಟಿಗೆಗೆ ಊರಿಕೊಂಡರೆ ಗುಂಡಿಯಲ್ಲಿಯೂ ಕೈ ಅಲುಗದು. ಮೊಣಕಾಲುಗಳಿಂದ ಟ್ಯಾಂಕನ್ನು ಅಪ್ಪಿಕೊಂಡರೆ ದೇಹದ ಭಾರ ತೋಳಿನ ಮೇಲೆ ಬೀಳದು. ವೇಗವನ್ನು ತಿರುವಿಗೆ ಮುಂಚೆಯೇ ತಗ್ಗಿಸಿ, ತಕ್ಕ ಗೇರನ್ನೂ ಮುಂಚೆಯೇ ಹಾಕಬೇಕು. ತಿರುವಿನೊಳಗೆ ಹಿಡಿಯನ್ನು ಪೂರ್ತಿ ಬಿಟ್ಟು ಮತ್ತೆ ತಿರುವದೆ, ಎಳೆಯಷ್ಟು ತೆರೆದೇ ಇಟ್ಟುಕೊಂಡು, ವೇಗ ಹೆಚ್ಚೆನಿಸಿದರೆ ಹಿಂದಿನ ಬ್ರೇಕನ್ನು ಮೃದುವಾಗಿ ಒತ್ತಬೇಕು. ಆಗ ಚೈನು ಬಿಗಿಯಾಗಿಯೇ ಇರುತ್ತದೆ. ಬಾವಿಯ ಹಗ್ಗ ಸಡಿಲಾಗದಿದ್ದರೆ ಕೈಗೆ ಪೆಟ್ಟೆಲ್ಲಿಂದ ಬಂದೀತು? ತೀರ ಇಕ್ಕಟ್ಟಿನ ತಿರುವಿನಲ್ಲಿ ಕ್ಲಚ್ಚನ್ನು ಅರೆ ಹಿಡಿದು ಮೆಲ್ಲಮೆಲ್ಲನೆ ಬಿಟ್ಟರೆ ಉಳಿದ ಒದೆತವನ್ನೂ ಅದು ನುಂಗುತ್ತದೆ. ಆದರೆ ಘಟ್ಟವನ್ನು ಇಳಿಯುವಾಗ ಉದ್ದಕ್ಕೂ ಬ್ರೇಕನ್ನು ಒತ್ತಿಕೊಂಡೇ ಬಂದರೆ ಅದು ಕಾದು ಕೈಕೊಡುತ್ತದೆ. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿದ್ದು ಎಂಜಿನ್ನಿನ ತಡೆಯನ್ನೇ ಹೆಚ್ಚಾಗಿ ನೆಚ್ಚಬೇಕು. ನ್ಯೂಟ್ರಲ್ಲಿನಲ್ಲಿ ಉರುಳಿಬಿಡುವುದು ಆತ್ಮಹತ್ಯೆಗೆ ಸಮಾನ.

ಇದನ್ನೆಲ್ಲ ಓದಿ ನಮ್ಮ ಹತ್ತನೆಯ ತರಗತಿಯ ಹುಡುಗರು ಅಣ್ಣನ ವಾಹನದ ಬೀಗದಕೈಯನ್ನು ಹುಡುಕಲು ಹೊರಡಬಾರದು. ಗೇರುಳ್ಳ ಮೋಟಾರು ಸೈಕಲ್ಲಿಗೆ ೧೮ ವರ್ಷ ತುಂಬಿ ಲೈಸೆನ್ಸು ಪಡೆದಿರಬೇಕು. ೨೦೧೯ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ ಅಪ್ರಾಪ್ತ ವಯಸ್ಸಿನವರು ವಾಹನದಿಂದ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸವನ್ನೂ ೨೫,೦೦೦ ರೂಪಾಯಿ ದಂಡವನ್ನೂ ವಿಧಿಸಬಹುದು. ಪಾಲಕರು ಇದನ್ನು ನೆನಪಿನಲ್ಲಿಡಬೇಕು. ಹಿಂದೆ ಕುಳಿತವರಿಗೂ ಹೆಲ್ಮೆಟ್ಟು ಬೇಕೆಂಬುದನ್ನೂ ಮರೆಯಬಾರದು. ಸದ್ಯಕ್ಕೆ ಮಕ್ಕಳು ತಮ್ಮ ಬೈಸಿಕಲ್ಲಿನ ಚೈನನ್ನು ಸರಿಯಾಗಿಟ್ಟುಕೊಳ್ಳಲಿ. ಪಾಠ ಅದೇ, ಅಪಾಯ ಮಾತ್ರ ಕಡಿಮೆ.

ಸೋಮವಾರ ಬೆಳಗ್ಗೆ ಆ ಅಣ್ಣ ತಂಗಿಯರು ಹೊರಟುಹೋದರು. ಮೊದಲನೆಯ ಪಾಠ ಮುಗಿದು ಎರಡನೆಯ ಗಂಟೆ ಹೊಡೆಯುವ ಹೊತ್ತಿಗೆ ಕಚೇರಿಗೆ ದೂರವಾಣಿ ಬಂದಿತು. ಮಾತಾಡಿದವಳು ತಂಗಿ. "ಸಾ, ಬಣ್ಣಾರಿಗೆ ಬಂದ್ವಿ. ಒಂದು ಸಲಾನೂ ಜರ್ಕ್ ಹೊಡೀಲಿಲ್ಲ," ಎಂದಳು. ಪೆಟ್ಟಿಗೆಗೆಂದು ಅಣ್ಣ ಕೂಡಿಟ್ಟಿದ್ದ ಹಣವು ಆ ಸಲ ಅವಳ ಕಾಲೇಜಿನ ಶುಲ್ಕಕ್ಕೆ ಒದಗಿತೆಂದು ಆಮೇಲೆ ತಿಳಿದು ನಮಗೆ ಸಂತೋಷವಾಯಿತು. ಅಂದಿನಿಂದ ನಾವೂ, ಯಾರು ಏನು ಕೇಳಿದರೂ, ಉತ್ತರ ಹೇಳುವ ಮೊದಲು ಒಮ್ಮೆ ಬಗ್ಗಿ ನೋಡುವುದನ್ನು ರೂಢಿಸಿಕೊಳ್ಳುತ್ತಿದ್ದೇವೆ.