ಹಳೆಯ ಮಹಲಿನಲ್ಲಿ ಹೊಸ ಕಲೆ

ಇಂಗ್ಲೆಂಡ್ ದೇಶದಲ್ಲಿ ವಾಸಿಸುವ ನಮ್ಮ ಪೂರ್ವವಿದ್ಯಾರ್ಥಿನಿಯರು ಅಲ್ಲಿಯ ಪುರಾತನ ಮಹಲುಗಳನ್ನು ನೋಡಿಬಂದು, ಅವುಗಳಲ್ಲಿ ಇರಿಸಲ್ಪಟ್ಟಿರುವ ಹೊಸ ಬಗೆಯ ಶಿಲ್ಪಗಳ ವಿಷಯವಾಗಿ ನಮಗೆ ಬರೆಯುವುದುಂಟು. ಇವುಗಳನ್ನು ಕಲೆಯೆನ್ನಬಹುದೋ ಎಂಬುದೇ ಅವರ ಸಂದೇಹ. ಚಿತ್ರಲೇಖನದ ತರಗತಿಯಿಂದ ಹೆಣ್ಣುಮಕ್ಕಳಿಗೆ ಪ್ರಯೋಜನವೇನೆಂದು ಕೇಳುವ ತಂದೆತಾಯಿಗಳೂ ಇದ್ದಾರೆ. ಒಂದು ಮಹಲಿನ ವೃತ್ತಾಂತವನ್ನು ತಿಳಿಸಿದರೆ ಈ ಎರಡು ಪ್ರಶ್ನೆಗಳಿಗೂ ತಕ್ಕಮಟ್ಟಿಗೆ ಉತ್ತರ ದೊರೆಯುವುದೆಂದು ನಮ್ಮ ಭಾವನೆ.

ನಾರ್ಫೋಕ್ ಪ್ರಾಂತ್ಯದಲ್ಲಿರುವ ಹೌಟನ್ ಹಾಲ್ ಎಂಬ ಮಹಲನ್ನು ಬ್ರಿಟನ್ನಿನ ಪ್ರಥಮ ಪ್ರಧಾನಮಂತ್ರಿಯೆಂದು ಎಣಿಸಲ್ಪಡುವ ಸರ್ ರಾಬರ್ಟ್ ವಾಲ್ಪೋಲನು 1722ರಲ್ಲಿ ಕಟ್ಟಿಸಲಾರಂಭಿಸಿದನು. ಒಳಗಣ ಅಲಂಕಾರವನ್ನು ವಿಲಿಯಂ ಕೆಂಟನು ಏರ್ಪಡಿಸಿದನು. ಮಹಲಿನ ಸುತ್ತಲೂ ವಿಶಾಲವಾದ ಉದ್ಯಾನವಾಗಬೇಕೆಂದು ಅಲ್ಲಿದ್ದ ಹಳ್ಳಿಯನ್ನು ಕೆಡವಿ, 1729ರಲ್ಲಿ ಉದ್ಯಾನದ ಬಾಗಿಲ ಬಳಿ ಹೊಸ ಊರನ್ನು ಕಟ್ಟಲಾಯಿತು. ಹಳ್ಳಿಯ ದೇವಾಲಯವು ಮಾತ್ರ ಇದ್ದ ಸ್ಥಳದಲ್ಲಿಯೇ ಉಳಿಯಿತು. ವಾಲ್ಪೋಲನು ಸಂಗ್ರಹಿಸಿದ್ದ ಅಮೂಲ್ಯ ಚಿತ್ರಗಳನ್ನು ಅವನ ಮೊಮ್ಮಗನು 1779ರಲ್ಲಿ ರಷ್ಯದ ಮಹಾರಾಣಿ ಕ್ಯಾಥರೀನಳಿಗೆ ಮಾರಿದನು. 2013ರಲ್ಲಿ ಅವುಗಳಲ್ಲಿ ಹಲವು ಎರವಲಾಗಿ ಬಂದು, ಕೆಲವು ತಿಂಗಳು ತಮ್ಮ ಹಳೆಯ ಗೋಡೆಗಳ ಮೇಲೆ ತೂಗಿ, ಹಿಂದಿರುಗಿದವು.

ಈ ಮಹಲಿನ ಒಡೆಯರು ಈಗಿನ ಕಲಾವಿದರ ಕೃತಿಗಳಿಗೂ ಸ್ಥಳಕೊಟ್ಟಿದ್ದಾರೆ. ಜೇಮ್ಸ್ ಟರೆಲ್ ಎಂಬ ಅಮೆರಿಕದವರು ಉದ್ಯಾನದಲ್ಲಿ ಮರದ ಕೋಣೆಯೊಂದನ್ನು ನಿರ್ಮಿಸಿರುವರು. ಅದರ ಮೇಲ್ಛಾವಣಿಯ ತೆರಪಿನಲ್ಲಿ ಕಾಣುವ ಆಕಾಶವೇ ಅಲ್ಲಿಯ ಚಿತ್ರ. 2020ರಲ್ಲಿ ಮುಂಬಯಿಯಲ್ಲಿ ಜನಿಸಿದ ಅನೀಶ್ ಕಪೂರರ ಶಿಲ್ಪಗಳು ಬಂದವು. ಅವರ ಉಕ್ಕಿನ ದೊಡ್ಡ ಕನ್ನಡಿಯು ಆಕಾಶವನ್ನು ನೆಲದ ಮೇಲೆ ನಿಲ್ಲಿಸಿದಂತೆ ತೋರುತ್ತಿತ್ತು.

2024ರಲ್ಲಿ ಆಂಟನಿ ಗೋರ್ಮ್ಲಿಯವರು ಎರಕದ ಕಬ್ಬಿಣದ 100 ಆಳೆತ್ತರದ ಪ್ರತಿಮೆಗಳನ್ನು ಸುಮಾರು 300 ಎಕರೆ ಉದ್ಯಾನದಲ್ಲಿ ನಿಲ್ಲಿಸಿದರು. ಇವರು ಯೌವನದಲ್ಲಿ ಭಾರತಕ್ಕೆ ಬಂದು ಬೌದ್ಧ ಧ್ಯಾನವನ್ನು ಅಭ್ಯಾಸಮಾಡಿದವರು. ಪ್ರತಿಮೆಗಳು ಇವರ ದೇಹದ ಅಚ್ಚಿನಿಂದಲೇ ಆದವು. ಗಾರೆಯವರು ರಸಮಟ್ಟವಿಟ್ಟು ಗೋಡೆಯ ಸಾಲನ್ನು ಸರಿಮಾಡುವಂತೆ, ನೂರು ತಲೆಗಳನ್ನೂ ಒಂದೇ ಸಮಮಟ್ಟಕ್ಕೆ ತರಲಾಗಿತ್ತು. ನೆಲವಾದರೋ ಏರುತಗ್ಗುಳ್ಳದ್ದು. ಆದುದರಿಂದ ದಿಣ್ಣೆಯಿದ್ದಲ್ಲಿ ಪ್ರತಿಮೆಯು ಮೊಣಕಾಲಿನವರೆಗೋ ಎದೆಯವರೆಗೋ ಹೂಳಲ್ಪಟ್ಟಿತು. ಒಂದರ ನೆತ್ತಿ ಮಾತ್ರ ಹೊರಗೆ ಕಾಣುತ್ತಿತ್ತು. ತಗ್ಗಿನಲ್ಲಿದ್ದವುಗಳಿಗೆ ಕಾಂಕ್ರೀಟಿನ ಕಂಬ ಬೇಕಾಯಿತು. ಕೆಲವು ಕಂಬಗಳು 4 ಮೀಟರ್ ಎತ್ತರವಾಗಿದ್ದವು.

ಕಬ್ಬಿಣದ ಮನುಷ್ಯರನ್ನು ನೆಟ್ಟರೆ ಹಳೆಯ ಉದ್ಯಾನದ ಅಂದವು ಕೆಡದೇ ಎಂದು ಕೇಳುವುದು ನ್ಯಾಯವೇ. ಆದರೆ ಆ ಅಂದವು ಎಲ್ಲಿಂದ ಬಂದಿತೆಂಬುದನ್ನೂ ಕೇಳಬೇಕಷ್ಟೆ. ಜನರು ವಾಸಿಸುತ್ತಿದ್ದ ಹಳ್ಳಿಯನ್ನು ಎಬ್ಬಿಸಿದ್ದರಿಂದ ಆ ಬಯಲು ಬಯಲಾಯಿತು. ಶಿಲ್ಪಿಯ ಉದ್ದೇಶವು ಅದಾಗಿತ್ತೆಂದು ನಾವು ಹೇಳುವುದಿಲ್ಲ. ಆದರೂ ಆ ನೆಲದಲ್ಲಿ ಮತ್ತೆ ಮನುಷ್ಯರೂಪಗಳು ನಿಂತಾಗ, ಒಬ್ಬನ ತಲೆ ಮತ್ತೊಬ್ಬನ ತಲೆಗಿಂತ ಮೇಲಲ್ಲದೆ ಇದ್ದಾಗ, ನೋಡುವವರಿಗೆ ಆ ವಿಚಾರ ಹೊಳೆಯದೆ ಇರದು. ಪುಸ್ತಕದಲ್ಲಿ ಒಂದು ಸಾಲಾಗಿ ಓದಿ ಮರೆಯುವ ಸಂಗತಿಯನ್ನು ಕಣ್ಣು ಹೀಗೆ ಗ್ರಹಿಸುವುದು.

ತರಗತಿಯಲ್ಲಿ ನಾವು ಮಕ್ಕಳಿಗೆ ಹೂಜಿಯನ್ನೂ ಎಲೆಯನ್ನೂ ಬರೆಯಿಸುವುದು ಈ ಅಭ್ಯಾಸಕ್ಕಾಗಿಯೇ. ಎಲ್ಲರೂ ಚಿತ್ರಕಾರರಾಗಬೇಕೆಂದಲ್ಲ, ಎದುರಿಗಿರುವುದನ್ನು ನಿಧಾನವಾಗಿ ನೋಡಲು ಕಲಿಯಬೇಕೆಂದು.

ಇಂಥ ಮಹಲುಗಳಿಗೆ ಹೋಗುವ ನಮ್ಮ ವಿದ್ಯಾರ್ಥಿನಿಯರು ಎಲ್ಲವನ್ನೂ ಮೆಚ್ಚಲೇಬೇಕೆಂಬ ನಿರ್ಬಂಧವಿಲ್ಲ. ಶಿಲ್ಪದ ಸುತ್ತಲೂ ಒಮ್ಮೆ ನಡೆಯಿರಿ. ಅದು ಬರುವ ಮೊದಲು ಆ ಸ್ಥಳದಲ್ಲಿ ಏನಿತ್ತೆಂದು ವಿಚಾರಿಸಿರಿ. ಬಳಿಕ ಮೆಚ್ಚಿರಿ, ಇಲ್ಲವೆ ಬಿಡಿರಿ. ಕಂಡದ್ದನ್ನು ನಮಗೆ ಬರೆಯಲು ಮಾತ್ರ ಮರೆಯದಿರಿ.