‘5.0ರಲ್ಲಿ ಹೊಸದು’ ಎಂಬ ಸಾಲು ಎಲ್ಲಿ ಹೋಯಿತು?

ಪ್ರಶ್ನೆ: ಜ್ಯಾಂಗೊ (ಪೈಥಾನ್‌ನ ವೆಬ್ ಚೌಕಟ್ಟು) ಕಲಿಯುತ್ತಿದ್ದೇನೆ. ಕೈಪಿಡಿಯಲ್ಲಿ ‘ಡಿಬಿ_ಡಿಫಾಲ್ಟ್’ ಎಂಬ ಆಯ್ಕೆಯ ಪಕ್ಕ ‘5.0ರಲ್ಲಿ ಹೊಸದು’ ಅಂತಿತ್ತು. 5.2ರ ಕೈಪಿಡಿಯಲ್ಲಿ ಅದಿಲ್ಲ. ಯಾಕೆ ತೆಗೆದರು?
— ಓದುಗರು, ರಬಕವಿ-ಬನಹಟ್ಟಿ

ಉತ್ತರ: ಬೇಕೆಂದೇ ತೆಗೆದದ್ದು. ಎರಡು ಬಿಡುಗಡೆಗಳಷ್ಟು ಹಿಂದಿನ ಇಂಥ ಟಿಪ್ಪಣಿಗಳನ್ನು ಅಳಿಸಬೇಕೆಂಬುದು ಜ್ಯಾಂಗೊ ತಂಡದ ನಿಯಮ. ಹಾಗಾಗಿ 5.2ರಲ್ಲಿ 5.0ರವು ಹೋದವು. ಎಲ್ಲವನ್ನೂ ಉಳಿಸಿಕೊಂಡರೆ ಪ್ರತಿ ಪುಟದಲ್ಲೂ ವಿವರಣೆಗಿಂತ ಚರಿತ್ರೆಯೇ ಹೆಚ್ಚಾಗುತ್ತದೆ. ನಿಮ್ಮೂರಿನ ವಿಳಾಸದಲ್ಲಿ ‘ಮೊದಲು ಜಮಖಂಡಿ ತಾಲೂಕು, 1997ರವರೆಗೆ ವಿಜಾಪುರ ಜಿಲ್ಲೆ’ ಎಂದು ಯಾರೂ ಬರೆಯುವುದಿಲ್ಲವಲ್ಲ, ಹಾಗೆ.

ಮಾಹಿತಿ ಅಳಿದಿಲ್ಲ. ಆಯಾ ಬಿಡುಗಡೆಯ ಟಿಪ್ಪಣಿಗಳಲ್ಲಿ ಅದು ಹಾಗೇ ಇದೆ, ಹಳೆಯ ಆವೃತ್ತಿಗಳ ಕೈಪಿಡಿಗಳೂ ಸಿಗುತ್ತವೆ.

ಆದರೂ ನಿಮ್ಮ ಕಳವಳ ನ್ಯಾಯವಾದದ್ದೇ. ಕಾಲೇಜಿನ ಲ್ಯಾಬಿನಲ್ಲಿ 4.2 ಇದ್ದು, ವಿದ್ಯಾರ್ಥಿ 5.2ರ ಕೈಪಿಡಿ ನೋಡಿ ‘ಡಿಬಿ_ಡಿಫಾಲ್ಟ್’ ಬರೆದರೆ ಪ್ರೋಗ್ರಾಂ ದೋಷ ತೋರಿಸಿ ನಿಲ್ಲುತ್ತದೆ. ತಪ್ಪು ತನ್ನದೇ ಎಂದುಕೊಂಡು ಆತ ಗಂಟೆಗಟ್ಟಲೆ ಒದ್ದಾಡುತ್ತಾನೆ. ಅದಕ್ಕೇ ಹೇಳುವುದು: ಮೊದಲು ನಿಮ್ಮ ಕಂಪ್ಯೂಟರಿನಲ್ಲಿರುವ ಆವೃತ್ತಿ ಯಾವುದೆಂದು ನೋಡಿ, ಕೈಪಿಡಿಯ ಪುಟದಲ್ಲೂ ಅದೇ ಸಂಖ್ಯೆ ಆರಿಸಿಕೊಳ್ಳಿ. ಹುಡುಕಾಟದಲ್ಲಿ ಮೊದಲು ಸಿಕ್ಕ ಪುಟವನ್ನು ನಂಬಬೇಡಿ.