ಕೋವಿ ಬೇಡವೆಂದ ಊರು, ಕೋವಿ ಇರಲೇಬೇಕೆಂದ ಊರು

ಮಗಳ ಬಾಣಂತನಕ್ಕೋ ಮೊಮ್ಮಗುವಿನ ಲಿಂಗಧಾರಣೆಗೋ ಅಮೆರಿಕೆಗೆ ಹೋಗಿ ಬರುವ ನಮ್ಮ ಸಮಾಜದ ಹಿರಿಯರು, ಅಲ್ಲಿಯ ರಸ್ತೆಗಳ ನೈರ್ಮಲ್ಯವನ್ನೂ ಗ್ರಂಥಾಲಯಗಳ ಸಮೃದ್ಧಿಯನ್ನೂ ಕೊಂಡಾಡಿದ ಮೇಲೆ, ದನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದುಂಟು. ಇಷ್ಟು ವಿದ್ಯಾವಂತವಾದ ದೇಶದಲ್ಲಿ ಇಷ್ಟೊಂದು ಮನೆಗಳಲ್ಲಿ ಕೋವಿ ಏಕೆ? ಗುಂಡಿನ ದಾಳಿಯಾದರೆ ಬಾಗಿಲು ಹಾಕಿ ಮೂಲೆಯಲ್ಲಿ ಅಡಗುವ ಅಭ್ಯಾಸವನ್ನು ಎಳೆಯ ಮಕ್ಕಳಿಗೆ ಶಾಲೆಯಲ್ಲಿ ಮಾಡಿಸುತ್ತಾರಲ್ಲ, ಸರ್ಕಾರ ಏನು ಮಾಡುತ್ತಿದೆ?

ಸರ್ಕಾರವೆಂದು ಏಕವಚನದಲ್ಲಿ ಕೇಳುವುದರಲ್ಲೇ ತೊಡಕಿದೆ. ಅಲ್ಲಿ ಒಕ್ಕೂಟ ಸರ್ಕಾರ ಒಂದು, ರಾಜ್ಯ ಸರ್ಕಾರಗಳು ಐವತ್ತು. ಅವುಗಳ ಕೆಳಗೆ ನಮ್ಮ ಜಿಲ್ಲೆಯನ್ನು ಹೋಲುವ ಕೌಂಟಿಗಳು, ಅವುಗಳೊಳಗೆ ನಗರಸಭೆಗಳು, ಗ್ರಾಮಮಂಡಲಿಗಳು. ಬಹುತೇಕ ಕೌಂಟಿಗಳಲ್ಲಿ ಪೊಲೀಸ್ ಮುಖ್ಯಾಧಿಕಾರಿಯಾದ ಷೆರೀಫನನ್ನು ಸಹ ಜನರೇ ಮತ ಹಾಕಿ ಆರಿಸುತ್ತಾರೆ. ಕೋವಿಯ ಜಗಳ ಈ ಎಲ್ಲ ಅಂತಸ್ತುಗಳಲ್ಲಿಯೂ ಏಕಕಾಲಕ್ಕೆ ನಡೆಯುತ್ತದೆ. ಇದನ್ನು ತಿಳಿಯಲು ವಾಷಿಂಗ್ಟನ್ನಿನಿಂದ ಆರಂಭಿಸುವುದಕ್ಕಿಂತ ಎರಡು ಸಣ್ಣ ಊರುಗಳಿಂದ ಆರಂಭಿಸುವುದು ಲೇಸೆಂದು ನಮಗೆ ತೋರುತ್ತದೆ.

ಇಲಿನಾಯ್ ರಾಜ್ಯದಲ್ಲಿ ಷಿಕಾಗೋ ಮಹಾನಗರದ ಹೊರವಲಯಕ್ಕೆ ಸೇರಿದ ಮಾರ್ಟನ್ ಗ್ರೋವ್ ಎಂಬ ಊರಿದೆ. 1981ರ ಜೂನ್ ತಿಂಗಳಲ್ಲಿ ಅಲ್ಲಿಯ ಗ್ರಾಮಮಂಡಲಿಯು ಊರಿನೊಳಗೆ ಯಾರೂ ಕೈಪಿಸ್ತೂಲನ್ನು ಮನೆಯಲ್ಲಿ ಸಹ ಇಟ್ಟುಕೊಳ್ಳಕೂಡದೆಂದು ನಿಯಮ ಮಾಡಿತು. ಪೊಲೀಸರು, ಸೈನಿಕರು ಮೊದಲಾದ ಕೆಲವರಿಗೆ ಮಾತ್ರ ವಿನಾಯಿತಿ. ಆ ದೇಶದಲ್ಲಿ ಇಂಥ ನಿಯಮ ಮಾಡಿದ ಮೊದಲ ಊರು ಅದು. ವಿಷಯ ನ್ಯಾಯಾಲಯಕ್ಕೆ ಹೋಯಿತು. 1982ರಲ್ಲಿ ಒಕ್ಕೂಟದ ಮೇಲ್ಮನವಿ ನ್ಯಾಯಾಲಯ ಊರಿನ ಪರವಾಗಿ ತೀರ್ಪಿತ್ತಿತು. ಮರುವರ್ಷ ಸರ್ವೋಚ್ಚ ನ್ಯಾಯಾಲಯ ಅದನ್ನು ವಿಚಾರಣೆಗೆ ಎತ್ತಿಕೊಳ್ಳಲೊಪ್ಪಲಿಲ್ಲ.

ಈ ಸುದ್ದಿ ದಕ್ಷಿಣದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾ ನಗರದ ಸಮೀಪದ ಕೆನೆಸಾ ಎಂಬ ಊರನ್ನು ಕೆರಳಿಸಿತು. ಆಗ ಅಲ್ಲಿ ಸುಮಾರು ಐದು ಸಾವಿರ ಜನರಿದ್ದರು. 1982ರ ಮಾರ್ಚಿಯಲ್ಲಿ ಆ ಊರಿನ ನಗರಸಭೆ ತದ್ವಿರುದ್ಧವಾದ ನಿಯಮವೊಂದನ್ನು ಒಮ್ಮತದಿಂದ ಅಂಗೀಕರಿಸಿತು: ಪ್ರತಿಯೊಂದು ಮನೆಯ ಯಜಮಾನನೂ ಒಂದು ಬಂದೂಕನ್ನು ಮದ್ದುಗುಂಡು ಸಹಿತ ಇಟ್ಟುಕೊಂಡಿರತಕ್ಕದ್ದು! ಆದರೆ ಅಂಗವಿಕಲರಿಗೆ, ಕೊಳ್ಳಲು ಶಕ್ತಿಯಿಲ್ಲದ ಬಡವರಿಗೆ, ಘೋರಾಪರಾಧಕ್ಕಾಗಿ ಶಿಕ್ಷೆಗೊಳಗಾದವರಿಗೆ, ಧರ್ಮಶ್ರದ್ಧೆಯ ಕಾರಣದಿಂದ ಆಯುಧ ಒಲ್ಲದವರಿಗೆ ಅದೇ ನಿಯಮದಲ್ಲಿ ವಿನಾಯಿತಿಯುಂಟು. ಹೀಗಾಗಿ ಅದು ಯಾರ ಮೇಲೂ ಜಾರಿಯಾದುದಿಲ್ಲ, ಯಾರಿಗೂ ದಂಡ ಬಿದ್ದುದಿಲ್ಲ. ಇಂದು ಆ ಊರಿನ ಜನಸಂಖ್ಯೆ ಮೂವತ್ತು ಸಾವಿರವನ್ನು ಮೀರಿದೆ. ನಿಯಮ ಮಾತ್ರ ಪುಸ್ತಕದಲ್ಲಿ ಹಾಗೆಯೇ ಇದೆ. ಕೆನೆಸಾದಲ್ಲಿ ಕಳ್ಳತನ ಕಡಿಮೆಯಾಯಿತೆಂದು ಕೋವಿಯ ಪಕ್ಷದವರು ಈಗಲೂ ಹೇಳುತ್ತಾರೆ. ಅಷ್ಟು ಚಿಕ್ಕ ಊರಿನಲ್ಲಿ ಒಂದು ವರ್ಷ ನಾಲ್ಕು ಕಳ್ಳತನ ಹೆಚ್ಚಾದರೂ ಕಡಿಮೆಯಾದರೂ ಲೆಕ್ಕ ತಲೆಕೆಳಗಾಗುವುದರಿಂದ ನಾವು ಆ ವಾದಕ್ಕೆ ಹೆಚ್ಚಿನ ಬೆಲೆ ಕೊಡಲಾರೆವು.

ಈ ಹಟದ ಬೇರು ಎಲ್ಲಿದೆ? 1775ರ ಏಪ್ರಿಲ್ 19ರಂದು ಮ್ಯಾಸಚೂಸೆಟ್ಸಿನ ಕಾಂಕರ್ಡ್ ಎಂಬಲ್ಲಿ ವಸಾಹತುಗಾರರು ಕೂಡಿಟ್ಟಿದ್ದ ಶಸ್ತ್ರಸಾಮಗ್ರಿಯನ್ನು ವಶಪಡಿಸಿಕೊಳ್ಳಲು ಆಂಗ್ಲ ಸೈನ್ಯ ಹೊರಟಿತು. ದಾರಿಯಲ್ಲಿ ಲೆಕ್ಸಿಂಗ್ಟನ್ನಿನಲ್ಲಿ ಊರವರು ಅಡ್ಡನಿಂತರು. ಅಮೆರಿಕೆಯ ಸ್ವಾತಂತ್ರ್ಯಯುದ್ಧದ ಮೊದಲ ಗುಂಡು ಹಾರಿದ್ದು ಅಲ್ಲಿ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಧೋಳದ ಸಮೀಪದ ಹಲಗಲಿಯ ಬೇಡರು 1857ರಲ್ಲಿ ದಂಗೆಯೆದ್ದುದು ಇದೇ ಕಾರಣಕ್ಕೆ: ಕುಂಪಣಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯಿದೆ ತಂದು ಅವರ ಆಯುಧಗಳನ್ನು ಒಪ್ಪಿಸೆಂದಿತು. ಊರು ಸುಟ್ಟುಹೋಯಿತು, ಹಲವರು ನೇಣುಗಂಬವೇರಿದರು. ಆ ಲಾವಣಿಯನ್ನು ಬಾಲ್ಯದಲ್ಲಿ ಕಂಠಪಾಠ ಮಾಡಿದವರು ನಮ್ಮ ಓದುಗರಲ್ಲಿ ಎಷ್ಟೋ ಮಂದಿ ಇದ್ದಾರೆ. ಆಯುಧ ಕಿತ್ತುಕೊಳ್ಳುವವನು ಮಾನವನ್ನೂ ಕಿತ್ತುಕೊಳ್ಳುತ್ತಾನೆಂಬ ಭಾವ ಎರಡೂ ಕಡೆ ಒಂದೇ. ವ್ಯತ್ಯಾಸವೆಂದರೆ, ಲೆಕ್ಸಿಂಗ್ಟನ್ನಿನವರು ಗೆದ್ದರು. ಗೆದ್ದವರು ಸಂವಿಧಾನ ಬರೆದರು. 1791ರಲ್ಲಿ ಅದಕ್ಕೆ ಸೇರಿದ ಎರಡನೆಯ ತಿದ್ದುಪಡಿ, ಆಂಗ್ಲದಲ್ಲಿ ಎಣಿಸಿದರೆ ಇಪ್ಪತ್ತೇಳೇ ಪದಗಳುಳ್ಳದ್ದು. ಮೊದಲ ಅರ್ಧ ಸುವ್ಯವಸ್ಥಿತವಾದ ನಾಗರಿಕ ದಳದ ಅಗತ್ಯವನ್ನು ಹೇಳುತ್ತದೆ; ಎರಡನೆಯ ಅರ್ಧ ಆಯುಧ ಹೊಂದುವ ಜನರ ಹಕ್ಕನ್ನು ಭಂಗಪಡಿಸಕೂಡದೆನ್ನುತ್ತದೆ. ಹಕ್ಕು ದಳಕ್ಕೆ ಸೇರಿದ್ದೋ, ಒಬ್ಬೊಬ್ಬ ವ್ಯಕ್ತಿಗೂ ಸೇರಿದ್ದೋ? ಮೀಮಾಂಸಕರಿಗೆ ಸಿಕ್ಕಿದ್ದರೆ ಹತ್ತು ಭಾಷ್ಯಗಳಾಗುತ್ತಿದ್ದವು. ಅಲ್ಲಿ ವಕೀಲರಿಗೆ ಸಿಕ್ಕಿತು.

1871ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ರೈಫಲ್ ಸಂಘವು ಮೊದಲು ಗುರಿಯಿಟ್ಟು ಹೊಡೆಯುವ ವಿದ್ಯೆಯನ್ನು ಕಲಿಸುವುದಕ್ಕಾಗಿ ಹುಟ್ಟಿದ್ದು. 1977ರಲ್ಲಿ ಸಿನ್ಸಿನಾಟಿಯಲ್ಲಿ ನಡೆದ ಅದರ ವಾರ್ಷಿಕ ಸಭೆಯಲ್ಲಿ ಹಳೆಯ ನಾಯಕರನ್ನು ಕೆಳಗಿಳಿಸಿ, ಯಾವ ಕಡಿವಾಣವನ್ನೂ ಒಪ್ಪದ ಗುಂಪು ಅಧಿಕಾರಕ್ಕೆ ಬಂದಿತು. ಮಾರ್ಟನ್ ಗ್ರೋವ್ ಆ ಗುಂಪಿಗೆ ಒಂದು ಎಚ್ಚರಿಕೆಯಾಯಿತು. ಒಂದು ಊರು ಹೀಗೆ ಮಾಡಬಹುದಾದರೆ ಸಾವಿರ ಊರುಗಳು ಮಾಡಬಹುದು. ಊರೂರಿಗೆ ಹೋಗಿ ಹೋರಾಡುವುದಕ್ಕಿಂತ ರಾಜ್ಯದ ಶಾಸನಸಭೆಯನ್ನು ಒಲಿಸಿಕೊಂಡು, ಕೋವಿಯ ವಿಷಯದಲ್ಲಿ ಯಾವ ಊರೂ ಸ್ವಂತ ನಿಯಮ ಮಾಡಕೂಡದೆಂದು ಒಂದೇ ಕಾನೂನು ತರುವುದು ಸುಲಭ. ಇಂದು ನಲವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಂಥ ಕಾನೂನು ಒಂದಲ್ಲ ಒಂದು ರೂಪದಲ್ಲಿದೆ. ಫ್ಲಾರಿಡಾದಲ್ಲಿ 1987ರಿಂದಲೇ ಇದ್ದ ಈ ಕಾನೂನಿಗೆ 2011ರಲ್ಲಿ ಶಿಕ್ಷೆಯನ್ನೂ ಸೇರಿಸಿದರು: ಉದ್ದೇಶಪೂರ್ವಕವಾಗಿ ಮೀರಿದ ಚುನಾಯಿತ ಸದಸ್ಯನಿಗೆ 5,000 ಡಾಲರಿನವರೆಗೆ ದಂಡ, ರಾಜ್ಯಪಾಲರಿಂದ ಪದಚ್ಯುತಿ. ಅಲ್ಲಿಯ ರಾಜ್ಯದ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಇದನ್ನು ಎತ್ತಿಹಿಡಿದಿದೆ. ಸ್ಥಳೀಯ ಸ್ವಾತಂತ್ರ್ಯವನ್ನು ಬಾಯಿತುಂಬ ಹೊಗಳುವ ಪಕ್ಷವೇ ಊರಿನವರ ಕೈ ಕಟ್ಟಿಹಾಕಿದುದು ನಮಗೆ ಸರಿಕಾಣದು. ನಮ್ಮ ಪಂಚಾಯಿತಿಯ ಸದಸ್ಯನೊಬ್ಬ ಊರಿನ ಹಿತಕ್ಕೆಂದು ಠರಾವು ಮಾಡಿ ಕೈಯಿಂದ ದಂಡ ತೆರಬೇಕಾಗಿ ಬಂದರೆ ಯಾವ ಮರ್ಯಾದಸ್ಥನು ಚುನಾವಣೆಗೆ ನಿಂತಾನು?

ಕೊಲರಾಡೋ ರಾಜ್ಯದ ಬೋಲ್ಡರ್ ನಗರದ ಕಥೆ ಇನ್ನೂ ಕಠೋರ. ಆ ನಗರವು 2018ರಲ್ಲಿ ಯುದ್ಧಮಾದರಿಯ ಬಂದೂಕುಗಳನ್ನು ನಿಷೇಧಿಸಿತ್ತು. ಊರಿಗೆ ಈ ಅಧಿಕಾರವಿಲ್ಲವೆಂದು 2021ರ ಮಾರ್ಚ್ 12ರಂದು ನ್ಯಾಯಾಲಯ ಆ ನಿಯಮವನ್ನು ತಡೆಯಿತು. ಮಾರ್ಚ್ 22ರಂದು ಅದೇ ಊರಿನ ದಿನಸಿ ಅಂಗಡಿಯೊಂದರಲ್ಲಿ ಒಬ್ಬನು ಗುಂಡು ಹಾರಿಸಿ ಹತ್ತು ಜನರನ್ನು ಕೊಂದನು. ನಿಯಮ ಜಾರಿಯಲ್ಲಿದ್ದರೆ ಆ ಹತ್ತು ಜೀವಗಳು ಉಳಿಯುತ್ತಿದ್ದವೆಂದು ಹೇಳಲಾಗದು; ಪಕ್ಕದ ಊರಿನಲ್ಲಿ ಕೊಂಡದ್ದನ್ನು ಕಾರಿನಲ್ಲಿ ತರಬಹುದಲ್ಲ. ಆದರೂ ಆ ರಾಜ್ಯದ ಶಾಸನಸಭೆ ಅದೇ ವರ್ಷ ಜೂನಿನ ಹೊತ್ತಿಗೆ ಊರುಗಳ ಅಧಿಕಾರವನ್ನು ಊರುಗಳಿಗೆ ಹಿಂದಿರುಗಿಸಿತು.

ಇಷ್ಟರೊಳಗೆ ಸರ್ವೋಚ್ಚ ನ್ಯಾಯಾಲಯವೇ ಇಪ್ಪತ್ತೇಳು ಪದಗಳಿಗೆ ಭಾಷ್ಯ ಬರೆದಾಗಿತ್ತು. 2008ರ ಜೂನಿನಲ್ಲಿ ವಾಷಿಂಗ್ಟನ್ ನಗರದ 1976ರ ಪಿಸ್ತೂಲು ನಿಷೇಧವನ್ನು ಐದು-ನಾಲ್ಕರ ಬಹುಮತದಿಂದ ರದ್ದುಗೊಳಿಸಿ, ಮನೆಯಲ್ಲಿ ಆತ್ಮರಕ್ಷಣೆಗಾಗಿ ಕೋವಿ ಹೊಂದುವುದು ವ್ಯಕ್ತಿಯ ಹಕ್ಕೆಂದು ಸಾರಿತು. ಮಾರ್ಟನ್ ಗ್ರೋವ್ ಅದೇ ವರ್ಷ ತನ್ನ ನಿಷೇಧವನ್ನು ಹಿಂತೆಗೆದುಕೊಂಡಿತು. 2010ರಲ್ಲಿ ಷಿಕಾಗೋ ಸಹ ಸೋತಿತು. ಆ ಮೊಕದ್ದಮೆಯ ಫಿರ್ಯಾದಿ ಓಟಿಸ್ ಮ್ಯಾಕ್‌ಡೊನಾಲ್ಡ್ ಎಂಬ 76 ವರ್ಷದ ಕಪ್ಪು ವರ್ಣದ ವೃದ್ಧ; ಲೂಯಿಸಿಯಾನಾದ ಗೇಣಿ ರೈತರ ಮಗ, ದುಡಿಯಲು ನಗರಕ್ಕೆ ಬಂದವನು. ಮನೆಗೆ ಮತ್ತೆ ಮತ್ತೆ ಕಳ್ಳರು ನುಗ್ಗಿದರೂ ನಗರದ ಕಾನೂನು ತನಗೆ ಪಿಸ್ತೂಲು ಕೊಡಲೊಲ್ಲದೆಂಬುದು ಅವನ ಅಳಲು. ಗುಲಾಮಗಿರಿ ಅಳಿದ ಮೇಲೆ ದಕ್ಷಿಣದ ರಾಜ್ಯಗಳು ಕಪ್ಪು ಜನರ ಕೈಯಿಂದಲೇ ಆಯುಧ ಕಸಿದುಕೊಂಡ ಇತಿಹಾಸವನ್ನು ನ್ಯಾಯಮೂರ್ತಿಗಳು ತೀರ್ಪಿನಲ್ಲಿ ಉಲ್ಲೇಖಿಸಿದರು. ಕೋವಿಯ ಪಕ್ಷವೆಂದರೆ ಬಿಳಿಯ ಶ್ರೀಮಂತರ ಪಕ್ಷವೆಂದು ಭಾವಿಸಿದವರು ಈ ಮುದುಕನನ್ನು ನೆನೆಯಬೇಕು. 2022ರ ತೀರ್ಪು ಮನೆಯ ಹೊರಗೂ ಪಿಸ್ತೂಲು ಒಯ್ಯುವ ಹಕ್ಕನ್ನು ವಿಸ್ತರಿಸಿತು. ಮನೆಯವರಿಗೆ ಹಿಂಸೆ ಕೊಡುವನೆಂದು ನ್ಯಾಯಾಲಯ ನಿರ್ಬಂಧಿಸಿದವನ ಕೈಯಿಂದ ಕೋವಿ ತೆಗೆದುಕೊಳ್ಳಬಹುದೆಂದು 2024ರಲ್ಲಿ ಎಂಟು-ಒಂದರ ಬಹುಮತದಿಂದ ಹೇಳಿದುದು ಮಾತ್ರ ಸಮಾಧಾನದ ಸಂಗತಿ.

ಊರಿನ ರಾಜಕೀಯ ಇದರಿಂದ ತಣ್ಣಗಾಗಲಿಲ್ಲ. 2018ರಲ್ಲಿ ಇಲಿನಾಯಿಯ ಎಫಿಂಗ್ಹ್ಯಾಮ್ ಕೌಂಟಿ ತನ್ನನ್ನು ಕೋವಿ ಹೊಂದಿದವರ ಅಭಯಧಾಮವೆಂದು ಘೋಷಿಸಿಕೊಂಡಿತು. 2019ರ ಚುನಾವಣೆಯಲ್ಲಿ ವರ್ಜೀನಿಯಾದ ಶಾಸನಸಭೆ ನಿಯಂತ್ರಣ ಬಯಸುವ ಪಕ್ಷದ ಕೈಗೆ ಬರುತ್ತಲೇ ಆ ರಾಜ್ಯದ 95 ಕೌಂಟಿಗಳಲ್ಲಿ ಬಹುಪಾಲು ಅಂಥದೇ ಠರಾವು ಮಾಡಿದವು. ಅವುಗಳಿಗೆ ಕಾನೂನಿನ ಬಲವಿಲ್ಲವೆಂದು ರಾಜ್ಯದ ಮುಖ್ಯ ನ್ಯಾಯವಾದಿ ಅಭಿಪ್ರಾಯವಿತ್ತರು. ನಿಜ. ಆದರೆ ಕಾನೂನನ್ನು ಜಾರಿ ಮಾಡಬೇಕಾದ ಷೆರೀಫನು ಆ ಜನರ ಮತದಿಂದಲೇ ಆರಿಸಿ ಬಂದವನಲ್ಲವೇ?

ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಕೋವಿಗೆ ಪರವಾನಗಿ ಬೇಕು. ಅದು ಹಕ್ಕಲ್ಲ, ಅನುಮತಿ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯೊಂದೇ ಇದಕ್ಕೆ ಹತ್ತಿರದ ಅಪವಾದ. ಕೈಲ್ ಮುಹೂರ್ತದಲ್ಲಿ ಕೋವಿಗೆ ಪೂಜೆ ಸಲ್ಲಿಸುವ ಆ ನಾಡಿನವರಿಗೆ ಅಮೆರಿಕೆಯವರ ಭಾವನೆ ನಮಗಿಂತ ಬೇಗ ಅರ್ಥವಾದೀತು.

ಅಂಕಿಅಂಶಗಳ ಮಾತು. 2017ರ ಕೊನೆಯ ಹೊತ್ತಿಗೆ ಅಮೆರಿಕೆಯ ನಾಗರಿಕರ ಬಳಿ ಸುಮಾರು 39 ಕೋಟಿ ಕೋವಿಗಳಿದ್ದವೆಂದು ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೆ ಅಂದಾಜು ಮಾಡಿದೆ, ತಲೆಗೊಂದಕ್ಕಿಂತ ಹೆಚ್ಚು. 2021ರಲ್ಲಿ ಗುಂಡಿನಿಂದ ಸತ್ತವರು 48,830 ಮಂದಿ. ಪತ್ರಿಕೆಗಳಲ್ಲಿ ಶಾಲೆಯ ದಾಳಿಗಳೇ ದೊಡ್ಡಕ್ಷರದಲ್ಲಿ ಬರುವುದರಿಂದ ಕಾಣದೆ ಹೋಗುವ ಸಂಗತಿಯೆಂದರೆ, ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮನ್ನು ತಾವೇ ಕೊಂದುಕೊಂಡವರು. ಕಳ್ಳನಿಗೆಂದು ತಂದಿಟ್ಟ ಕೋವಿ ಮನನೊಂದ ತರುಣನ ಕೈಗೆ ಸಿಗುತ್ತದೆ. ದುಃಖದ ಆ ಗಳಿಗೆ ಕಳೆದರೆ ಬದುಕುತ್ತಿದ್ದವನಿಗೆ ಕೋವಿ ಎರಡನೆಯ ಅವಕಾಶ ಕೊಡುವುದು ಬಲು ವಿರಳ.

2012ರ ಆಗಸ್ಟಿನಲ್ಲಿ ವಿಸ್ಕಾನ್ಸಿನ್ ರಾಜ್ಯದ ಓಕ್ ಕ್ರೀಕ್ ಗುರುದ್ವಾರದಲ್ಲಿ ಪ್ರಾರ್ಥನೆಗೆ ಬಂದಿದ್ದ ಆರು ಮಂದಿಯನ್ನು ಒಬ್ಬ ವರ್ಣದ್ವೇಷಿ ಕೊಂದ ಮೇಲೆ, ಭಾರತೀಯ ಮೂಲದವರಲ್ಲಿಯೂ ಪ್ರಾರ್ಥನಾಮಂದಿರಕ್ಕೆ ಸಶಸ್ತ್ರ ಕಾವಲು ಬೇಕೇ ಎಂಬ ಚರ್ಚೆಗೆ ಕಾರಣವಾಯಿತು. ದಯೆಯನ್ನು ಧರ್ಮದ ಮೂಲವೆಂದು ಬಗೆದ ನಮ್ಮವರು ತಮ್ಮ ಮನೆಯೊಳಗೆ ಕೋವಿ ತಾರದಿರಬಹುದು, ತಾರದಿರಲೆಂದೇ ನಮ್ಮ ಆಶಯ. ಆದರೆ ಮೊಮ್ಮಗ ಆಟಕ್ಕೆ ಹೋಗುವ ನೆರೆಮನೆಯಲ್ಲಿ ಇದ್ದೀತು. ಮಗುವನ್ನು ಕಳಿಸುವ ಮುನ್ನ ಆ ಮನೆಯಲ್ಲಿ ಕೋವಿಯಿದೆಯೇ, ಇದ್ದರೆ ಗುಂಡು ತೆಗೆದು ಬೀಗ ಹಾಕಿಟ್ಟಿದ್ದಾರೆಯೇ ಎಂದು ಕೇಳಿರಿ ಎಂಬುದು ಅಲ್ಲಿಯ ಮಕ್ಕಳ ವೈದ್ಯರ ಅಕಾಡೆಮಿ ತಾಯ್ತಂದೆಯರಿಗೆ ಕೊಡುವ ಸಲಹೆ. ನೆರೆಯವರು ಏನೆಂದುಕೊಂಡಾರೋ ಎಂಬ ಸಂಕೋಚದಿಂದ ನಮ್ಮವರು ಇದನ್ನು ಕೇಳಲು ಹಿಂಜರಿಯಬಹುದು. ಕಡಲೆಕಾಯಿ ತಿಂದರೆ ಮಗುವಿಗೆ ಆಗದೆಂದು ಮೊದಲೇ ತಿಳಿಸುವುದು ಆ ದೇಶದಲ್ಲಿ ಎಷ್ಟು ಸಹಜವೋ, ಈ ಪ್ರಶ್ನೆಯನ್ನೂ ಅಷ್ಟೇ ಸಹಜವಾಗಿ ಕೇಳಬಹುದು.